50 ಮಿ.ಮೀ. ಎಫ್/1.4 ಲೆನ್ಸ್ ಕೊಂಡರೆ ಮಸುಕು ಬೆಳಕಲ್ಲೂ ಫೋಟೊ ಚೆನ್ನಾಗಿ ಬರುತ್ತದೆಯೇ?

"ಕ್ಯಾಮೆರಾ ಜೊತೆ ಬಂದ ಲೆನ್ಸ್ ಪಕ್ಕಕ್ಕಿಡಿ, 50 ಮಿ.ಮೀ. ಪ್ರೈಮ್ ತಗೊಳ್ಳಿ. ಎಫ್/1.4 ಆದ್ರೆ ಎಫ್/1.8ಕ್ಕಿಂತ ಎರಡು ಪಟ್ಟು ಬೆಳಕು. ಕಣ್ಣಿಗೆ ಕಂಡ ಹಾಗೇ ಫೋಟೊ ಬರುತ್ತೆ." ಫೋಟೊ ಆಸಕ್ತರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಧಾಟಿಯ ಸಂದೇಶಗಳು ಆಗಾಗ ಕಾಣಿಸಿಕೊಳ್ಳುತ್ತವೆ. ದಾವಣಗೆರೆಯಲ್ಲಿ ಮದುವೆ, ನಾಮಕರಣದ ಫೋಟೊ ತೆಗೆದು ನಾಲ್ಕು ಕಾಸು ಸಂಪಾದಿಸಲು ಹೊರಟ ಹುಡುಗನೊಬ್ಬ ಇದನ್ನು ನಂಬಿ ಕಂತಿನ ಮೇಲೆ ದುಬಾರಿ ಲೆನ್ಸ್ ಕೊಂಡರೆ ಏನಾದೀತು? ಈ ಸಂದೇಶದಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ನೋಡೋಣ.

ಪ್ರೈಮ್ ಎಂದರೇನು? ಫಾಸ್ಟ್ ಎಂದರೇನು?

ಜೂಮ್ ಆಗದ, ಒಂದೇ ಫೋಕಲ್ ಲೆಂತ್ (ಸಂಗಮದೂರ) ಇರುವ ಲೆನ್ಸೇ ಪ್ರೈಮ್ ಲೆನ್ಸ್. ಹತ್ತಿರ ಬೇಕೆಂದರೆ ನೀವೇ ಮುಂದೆ ಹೋಗಬೇಕು, ದೂರ ಬೇಕೆಂದರೆ ಹಿಂದೆ ಸರಿಯಬೇಕು.

ಎಫ್ ಸಂಖ್ಯೆ ಬೆಳಕು ಒಳಗೆ ಬರುವ ಕಿಂಡಿಯ ಲೆಕ್ಕ. ಸಂಗಮದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿಯ ಅಗಲ ಸಿಗುತ್ತದೆ. 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಅದು ಸುಮಾರು 28 ಮಿ.ಮೀ., ಎಫ್/1.4ರಲ್ಲಿ ಸುಮಾರು 36 ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಿಂಡಿ ದೊಡ್ಡದಾದರೆ ಅದೇ ಫೋಟೊವನ್ನು ಕಡಿಮೆ ಸಮಯದಲ್ಲಿ ತೆಗೆಯಬಹುದು. ಅದಕ್ಕೇ 'ಫಾಸ್ಟ್' ಎಂಬ ಹೆಸರು. ಫೋಕಸ್ ಬೇಗ ಆಗುತ್ತದೆ ಎಂಬುದು ಇದರ ಅರ್ಥವಲ್ಲ. ಫೋಕಸ್‌ನ ವೇಗ ಲೆನ್ಸಿನ ಮೋಟಾರು ಮತ್ತು ಕ್ಯಾಮೆರಾಕ್ಕೆ ಸೇರಿದ್ದು.

ಹೇಳಿಕೆ 1: ಎಫ್/1.4ರಲ್ಲಿ ಎರಡು ಪಟ್ಟು ಬೆಳಕು

ಪೂರ್ತಿ ನಿಜವಲ್ಲ. 1.8ನ್ನು 1.4ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸುಮಾರು 1.65 ಬರುತ್ತದೆ. ಅಂದರೆ ಹೆಚ್ಚುವರಿ ಬೆಳಕು ಸುಮಾರು ಶೇ. 65. ಎರಡು ಪಟ್ಟು ದಾಟಬೇಕಾದರೆ ಎಫ್/1.8ರಿಂದ ಎಫ್/1.2ಕ್ಕೆ ಹೋಗಬೇಕು.

ಇದರಿಂದ ಏನು ವ್ಯತ್ಯಾಸ? ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು ನೆನಪಿಸಿಕೊಳ್ಳಿ. ಹೊಯ್ಸಳ ದೊರೆ ಎರಡನೇ ವೀರನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ ಇದು. ತೆರೆದ ಮಂಟಪದಲ್ಲಿ ಹಗಲು ಧಾರಾಳ ಬೆಳಕು. ಗರ್ಭಗುಡಿಯತ್ತ ಹೋದಂತೆ ಕತ್ತಲು. ಮಂಟಪದ ಕಂಬಗಳ ಫೋಟೊಗೆ ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸೇ ಸಾಕು. ಕಂಬಗಳು ಕದಲುವುದಿಲ್ಲ, ಮೇಲಾಗಿ ಅಷ್ಟು ಅಗಲದ ಮಂಟಪ 50 ಮಿ.ಮೀ.ನಲ್ಲಿ ಹಿಡಿಸುವುದೂ ಇಲ್ಲ.

ಒಳಗಿನ ಮಂದ ಬೆಳಕಿನಲ್ಲಿ ಅಜ್ಜಿಯ ಸೊಂಟದ ಮೇಲಿರುವ ಮಗುವಿನ ಫೋಟೊ ಬೇಕೆನ್ನಿ (ಫೋಟೊಗೆ ಅನುಮತಿ ಇದೆಯೇ ಎಂದು ಮೊದಲು ಕೇಳಿ). ಕಿಟ್ ಲೆನ್ಸನ್ನು 55 ಮಿ.ಮೀ.ಗೆ ತಿರುಗಿಸಿದಾಗ ಅದರ ಕಿಂಡಿ ಎಫ್/5.6ಕ್ಕಿಂತ ದೊಡ್ಡದಾಗುವುದಿಲ್ಲ. ಆಗ ಸೆಕೆಂಡಿನ 15ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬೇಕಾಗುತ್ತದೆ ಎಂದುಕೊಳ್ಳೋಣ. ಅಷ್ಟರಲ್ಲಿ ಮಗು ತಲೆ ಅಲ್ಲಾಡಿಸಿರುತ್ತದೆ, ಮುಖ ಕಲಸಿದಂತೆ ಬರುತ್ತದೆ. ಅದೇ ಜಾಗದಲ್ಲಿ, ಅದೇ ಐಎಸ್ಒದಲ್ಲಿ ಎಫ್/1.8 ಇದ್ದರೆ ಸುಮಾರು 150ನೇ ಒಂದು ಭಾಗ ಸಾಕು. ಎಫ್/1.4 ಇದ್ದರೆ ಸುಮಾರು 240ನೇ ಒಂದು ಭಾಗ.

ಕಿಟ್ ಲೆನ್ಸಿನಿಂದ ಎಫ್/1.8ಕ್ಕೆ ಬಂದಾಗ ಲಾಭ ಸುಮಾರು ಹತ್ತು ಪಟ್ಟು. ಕೆಟ್ಟ ಫೋಟೊ ಒಳ್ಳೆಯ ಫೋಟೊ ಆಗುವುದು ಈ ಹಂತದಲ್ಲೇ. ಅಲ್ಲಿಂದ ಎಫ್/1.4ಕ್ಕೆ ಹೋದಾಗ ಸಿಗುವುದು ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ. ಆದರೆ ಬೆಲೆ ಹಲವು ಪಟ್ಟು ಏರಬಹುದು. ತೂಕವೂ ಏರುತ್ತದೆ: ಕ್ಯಾನನ್‌ನ ಇಎಫ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಸುಮಾರು 160 ಗ್ರಾಂ, ಎಫ್/1.4 ಸುಮಾರು 290 ಗ್ರಾಂ, ಎಫ್/1.2 ಸುಮಾರು 580 ಗ್ರಾಂ.

ಹೇಳಿಕೆ 2: ಕಿಂಡಿ ದೊಡ್ಡದಾದಷ್ಟೂ ಫೋಟೊ ಚೆಂದ

ಅರ್ಧ ನಿಜ. ಕಿಂಡಿ ದೊಡ್ಡದಾದಷ್ಟೂ ಹಿನ್ನೆಲೆ ಮಸುಕಾಗುತ್ತದೆ, ಜೊತೆಗೆ ಸ್ಪಷ್ಟವಾಗಿ ಕಾಣುವ ಭಾಗವೂ ತೆಳ್ಳಗಾಗುತ್ತದೆ. ಹೆಚ್ಚಿನವರ ಬಳಿ ಇರುವ ಎಪಿಎಸ್-ಸಿ ಕ್ಯಾಮೆರಾದಲ್ಲಿ, 50 ಮಿ.ಮೀ. ಲೆನ್ಸ್ ಹಿಡಿದು 2 ಮೀಟರ್ ದೂರ ನಿಂತರೆ ಲೆಕ್ಕ ಹೀಗಿದೆ:

- ಎಫ್/1.4: ಸುಮಾರು 9 ಸೆಂ.ಮೀ.
- ಎಫ್/1.8: ಸುಮಾರು 11 ಸೆಂ.ಮೀ.
- ಎಫ್/2.8: ಸುಮಾರು 18 ಸೆಂ.ಮೀ.

ಧಾರೆ ಎರೆಯುವಾಗ ವಧು ಒಂದು ಗೇಣು ಮುಂದೆ, ವರ ಒಂದು ಗೇಣು ಹಿಂದೆ ಇದ್ದರೆ ಎಫ್/1.4ರಲ್ಲಿ ಒಬ್ಬರ ಮುಖ ಮಾತ್ರ ಸ್ಪಷ್ಟ. ಆ ಕ್ಷಣ ಮತ್ತೆ ಬರುವುದಿಲ್ಲ. ಹಾಗಾಗಿ ಇಬ್ಬರಿದ್ದಾಗ ಎಫ್/2.8ಕ್ಕೋ ಎಫ್/4ಕ್ಕೋ ಇಳಿಯಲೇಬೇಕಾಗುತ್ತದೆ. ಇಳಿದ ಮೇಲೆ ನಿಮ್ಮ ಲೆನ್ಸ್ 1.4 ಆಗಿದ್ದರೂ 1.8 ಆಗಿದ್ದರೂ ಬೆಳಕು ಒಂದೇ.

ಹೇಳಿಕೆ 3: 50 ಮಿ.ಮೀ. ಎಂದರೆ ಕಣ್ಣಿಗೆ ಕಂಡ ಹಾಗೆ

ಈ ಮಾತು ಹುಟ್ಟಿದ್ದು ಫಿಲ್ಮ್ ಕಾಲದಲ್ಲಿ. 36×24 ಮಿ.ಮೀ. ಅಳತೆಯ ಫಿಲ್ಮಿನಲ್ಲಿ 50 ಮಿ.ಮೀ. ನೋಟ ಸಹಜ ಅನ್ನಿಸುತ್ತಿತ್ತು. ಎಪಿಎಸ್-ಸಿ ಸೆನ್ಸರ್ ಅದಕ್ಕಿಂತ ಚಿಕ್ಕದು. ಅದರಲ್ಲಿ ಇದೇ ಲೆನ್ಸ್ ನಿಕಾನ್, ಸೋನಿಗಳಲ್ಲಿ 75 ಮಿ.ಮೀ.ನಂತೆ, ಕ್ಯಾನನ್‌ನಲ್ಲಿ 80 ಮಿ.ಮೀ.ನಂತೆ ಕಿರಿದಾಗಿ ನೋಡುತ್ತದೆ. ಹಳೆಯ 50ರ ನೋಟ ಬೇಕಿದ್ದರೆ ಇಲ್ಲಿ 35 ಮಿ.ಮೀ. ಹಾಕಬೇಕು.

ನಮ್ಮ ಊರಿನ ಮನೆಗಳ ಲೆಕ್ಕದಲ್ಲಿ ನೋಡಿ. ನಿಂತ ಮನುಷ್ಯನನ್ನು ತಲೆಯಿಂದ ಪಾದದವರೆಗೆ, ಸುತ್ತ ಸ್ವಲ್ಪ ಜಾಗ ಬಿಟ್ಟು ಹಿಡಿಯಲು 50 ಮಿ.ಮೀ.ಗೆ ಸುಮಾರು 4.3 ಮೀಟರ್ ದೂರ ಬೇಕು, ಅಂದರೆ 14 ಅಡಿ. 10×12 ಅಡಿಯ ಹಾಲ್‌ನಲ್ಲಿ ನಿಮ್ಮ ಬೆನ್ನು ಗೋಡೆಗೆ ತಾಗಿದರೂ ಸಾಲದು. 35 ಮಿ.ಮೀ.ಗೆ 3 ಮೀಟರ್, ಅಂದರೆ 10 ಅಡಿ ಸಾಕು. 4 ಮೀಟರ್ ಅಗಲಕ್ಕೆ ನಿಂತ ಕುಟುಂಬದ ಗುಂಪಿಗೆ 50ರಲ್ಲಿ ಸುಮಾರು 8.5 ಮೀಟರ್, 35ರಲ್ಲಿ 6 ಮೀಟರ್, 24ರಲ್ಲಿ 4 ಮೀಟರ್ ಬೇಕು.

ತೊಟ್ಟಿಲ ಶಾಸ್ತ್ರ, ಅರಿಶಿನ ಶಾಸ್ತ್ರಗಳು ಹೆಚ್ಚಾಗಿ ಮನೆಯಲ್ಲೇ ನಡೆಯುತ್ತವೆ. ಅಲ್ಲಿ 35 ಮಿ.ಮೀ. ಎಫ್/1.8 ಕೆಲಸಕ್ಕೆ ಬಂದಷ್ಟು 50 ಮಿ.ಮೀ. ಎಫ್/1.4 ಬರುವುದಿಲ್ಲ. ದೊಡ್ಡ ಕಲ್ಯಾಣ ಮಂಟಪದಲ್ಲಿ ಒಬ್ಬೊಬ್ಬರ ಮುಖ ತೆಗೆಯುವವರಿಗೆ 50 ಒಳ್ಳೆಯದು.

ಹೇಳಿಕೆ 4: ನಮ್ಮ ಫೋನೂ ಎಫ್/1.8, ಲೆನ್ಸ್ ಯಾಕೆ?

ಫೋನಿನ ಮುಖ್ಯ ಕ್ಯಾಮೆರಾದ ಸಂಗಮದೂರ 6 ಮಿ.ಮೀ. ಎಂದಿಟ್ಟುಕೊಂಡರೆ, ಎಫ್/1.8ರಲ್ಲಿ ಅದರ ಕಿಂಡಿ ಸುಮಾರು 3.3 ಮಿ.ಮೀ. ಮಾತ್ರ. ಸಂಖ್ಯೆ ಒಂದೇ ಆದರೂ ಫೋನಿನ ಪುಟ್ಟ ಸೆನ್ಸರ್ ಮೇಲೆ ಬೀಳುವ ಒಟ್ಟು ಬೆಳಕು ತೀರಾ ಕಡಿಮೆ. ಈ ಕೊರತೆಯನ್ನು ಫೋನುಗಳು ಹಲವು ಚಿತ್ರಗಳನ್ನು ಒಟ್ಟುಗೂಡಿಸಿ ತುಂಬಿಕೊಳ್ಳುತ್ತವೆ. ಕದಲದ ವಸ್ತುವಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಓಡಾಡುವ ಮಗುವಿನ ಮುಂದೆ ಸೋಲುತ್ತದೆ.

ಹಾಗಾದರೆ ಆರಿಸುವುದು ಹೇಗೆ?

ಮೊದಲು ಸಂಗಮದೂರ ಗೊತ್ತುಮಾಡಿಕೊಳ್ಳಿ, ಎಫ್ ಸಂಖ್ಯೆ ಆಮೇಲೆ. ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿ ಟೇಪ್ ಹಚ್ಚಿ, ಒಂದು ದಿನ ಫೋಟೊ ತೆಗೆಯಿರಿ. ಮರುದಿನ 50ಕ್ಕೆ. ಯಾವ ದಿನ ಗೋಡೆ ಅಡ್ಡ ಬಂತು, ಯಾವ ದಿನ ಬರಲಿಲ್ಲ ಎಂಬುದೇ ಉತ್ತರ.

ಕೊಳ್ಳುವ ಮುನ್ನ ಇನ್ನೂ ಮೂರು ವಿಷಯ ಗಮನಿಸಿ:

- ಲೆನ್ಸ್ ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆಯೇ? ನಿಕಾನ್ ಡಿ3000, ಡಿ5000 ಸರಣಿಯ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರು ಇಲ್ಲ. ಅಗ್ಗಕ್ಕೆ ಸಿಗುವ ಹಳೆಯ 50 ಮಿ.ಮೀ. ಎಫ್/1.8ಡಿ ಅವುಗಳಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೇಳಿ.
- ಸೆಕೆಂಡ್ ಹ್ಯಾಂಡ್ ಲೆನ್ಸ್ ಆದರೆ ಕಿಂಡಿ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಕೊಳ್ಳಬೇಡಿ.
- ನಮ್ಮ ವಿದ್ಯುತ್ 50 ಹರ್ಟ್ಜ್. ಕೆಲವು ಎಲ್ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಫೋಟೊದಲ್ಲಿ ಅಡ್ಡಪಟ್ಟೆ ಬಂದರೆ ಲೆನ್ಸನ್ನು ದೂರಬೇಡಿ. ಶಟರ್ ವೇಗವನ್ನು 1/100ಕ್ಕೆ ಇಳಿಸಿ ನೋಡಿ.

ಒಟ್ಟಿನಲ್ಲಿ: ಫಾಸ್ಟ್ ಪ್ರೈಮ್ ಲೆನ್ಸ್ ಮಂದ ಬೆಳಕಿನಲ್ಲಿ ಬಹಳ ಸಹಾಯ ಮಾಡುತ್ತದೆ ಎಂಬುದು ನಿಜ. ಎಫ್/1.4 ಎಂದರೆ ಎಫ್/1.8ರ ಎರಡು ಪಟ್ಟು ಎಂಬುದು ಸುಳ್ಳು. 50 ಮಿ.ಮೀ. ಎಲ್ಲರಿಗೂ ಸರಿ ಎಂಬುದೂ ಸುಳ್ಳು. ಆ ಸಂದೇಶ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಟೇಪಿನ ಪರೀಕ್ಷೆಯ ಬಗ್ಗೆ ಒಂದು ಮಾತು ತಿಳಿಸಿ. ಯಾರದೋ ಒಂದಿಷ್ಟು ಕಂತಿನ ಹಣ ಉಳಿದೀತು.