ವೆಬ್ ಸರ್ವರ್ ಸ್ಕ್ರಿಪ್ಟ್‌ಗಳಲ್ಲಿ ಅನುಮತಿ ದೋಷ: ನಿರಾಕರಣೆಯ ಮೂಲವನ್ನು ಗುರುತಿಸುವ ಕ್ರಮ

ವೆಬ್ ಸರ್ವರ್‌ನ ಸ್ಕ್ರಿಪ್ಟ್ ಬೇರೊಂದು ಪ್ರೋಗ್ರಾಂ ಓಡಿಸಿದಾಗ ಅದು ಸರ್ವರ್‌ನ ಖಾತೆಯ ಹಕ್ಕುಗಳಲ್ಲೇ ಓಡುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಈ ಖಾತೆ ಸಾಮಾನ್ಯವಾಗಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’. ರೆಡ್ ಹ್ಯಾಟ್ ಬಳಗದಲ್ಲಿ ‘ಅಪಾಚೆ’. ಪಿಎಚ್‌ಪಿ ಪುಟವೊಂದು ಎಫ್‌ಎಫ್‌ಎಂಪೆಗ್ ಬಳಸಿ ವಿಡಿಯೊದಿಂದ ಚಿತ್ರ ತೆಗೆಯುವ ಸಂದರ್ಭವನ್ನು ಪರಿಗಣಿಸಬಹುದು. ಡೆವಲಪರ್‌ನ ಟರ್ಮಿನಲ್‌ನಲ್ಲಿ ಸರಾಗವಾಗಿ ನಡೆದ ಕಮಾಂಡ್, ಪುಟದಿಂದ ಕರೆದಾಗ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ಕಮಾಂಡ್ ಒಂದೇ ಆದರೂ ಓಡಿಸುವ ಖಾತೆ ಬೇರೆ, ಪರಿಸರವೂ ಬೇರೆ.

ಈ ದೋಷದ ಮುಖ್ಯ ತೊಡಕು ಅದರ ಸಂದೇಶದಲ್ಲೇ ಇದೆ. ಫೈಲ್ ಅನುಮತಿ, ಡಿಸ್ಕ್ ವಿಭಾಗದಲ್ಲಿ ಪ್ರೋಗ್ರಾಂ ಓಡದಂತೆ ತಡೆಯುವ ‘ನೋಎಕ್ಸೆಕ್’ ಆಯ್ಕೆ, ಎಸ್‌ಇಲಿನಕ್ಸ್ ನೀತಿ ಇವುಗಳಲ್ಲಿ ಯಾವುದು ತಡೆದರೂ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ 13 ಎಂಬ ಒಂದೇ ದೋಷಸಂಖ್ಯೆಯನ್ನು ಕೊಡುತ್ತದೆ. ಆದ್ದರಿಂದ ತಡೆದವರು ಯಾರೆಂದು ತಿಳಿಯದೆ ಅನುಮತಿ ಬದಲಿಸುವುದು ಪರಿಹಾರವಾಗದು.

ಮೊದಲು ಸಾಕ್ಷ್ಯ ಬೇಕು. ಪಿಎಚ್‌ಪಿಯ ‘ಎಕ್ಸೆಕ್’ ಫಂಕ್ಷನ್ ಪ್ರೋಗ್ರಾಂನ ದೋಷಸಂದೇಶಗಳನ್ನು ತಾನಾಗಿ ಹಿಡಿದುಕೊಡುವುದಿಲ್ಲ. ಅವನ್ನು ಸಾಮಾನ್ಯ ಔಟ್‌ಪುಟ್‌ಗೆ ತಿರುಗಿಸಿ, ನಿರ್ಗಮನ ಸಂಖ್ಯೆಯನ್ನೂ ದಾಖಲಿಸಬೇಕು. ಶೆಲ್ ಕೊಡುವ 127 ಪ್ರೋಗ್ರಾಂ ಸಿಗಲಿಲ್ಲವೆಂದೂ, 126 ಸಿಕ್ಕರೂ ಓಡಿಸಲಾಗಲಿಲ್ಲವೆಂದೂ ಸೂಚಿಸುತ್ತದೆ. 127 ಬಂದರೆ ಪ್ರೋಗ್ರಾಂನ ಪೂರ್ಣ ಪಥವನ್ನು ಬರೆದು ನೋಡಬೇಕು. ಬಳಿಕ ‘ಸುಡೊ’ ಮೂಲಕ ಸರ್ವರ್ ಖಾತೆಯ ಹೆಸರಿನಲ್ಲೇ ಕಮಾಂಡ್ ಓಡಿಸಬೇಕು. ಅಲ್ಲಿಯೂ ವಿಫಲವಾದರೆ ಕಾರಣ ಬಹುಪಾಲು ಫೈಲ್ ವ್ಯವಸ್ಥೆಯಲ್ಲಿದೆ. ಅಲ್ಲಿ ಯಶಸ್ವಿಯಾಗಿ ಪುಟದಲ್ಲಿ ಮಾತ್ರ ವಿಫಲವಾದರೆ ಸರ್ವರ್ ಸುತ್ತಲಿನ ನಿರ್ಬಂಧಗಳತ್ತ ನೋಡಬೇಕು.

ಫೈಲ್ ವ್ಯವಸ್ಥೆಯಲ್ಲಿ ಪ್ರೋಗ್ರಾಂಗೆ ಎಕ್ಸಿಕ್ಯೂಟ್ ಅನುಮತಿ ಇದ್ದರಷ್ಟೇ ಸಾಲದು. ಮೂಲ ಡೈರೆಕ್ಟರಿಯಿಂದ ಅದರವರೆಗಿನ ಪ್ರತಿ ಡೈರೆಕ್ಟರಿಯಲ್ಲೂ ಆ ಅನುಮತಿ ಇರಬೇಕು. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳ ಅನುಮತಿ 750 ಆಗಿರುವುದರಿಂದ, ಅಲ್ಲಿಟ್ಟ ಪ್ರೋಗ್ರಾಂ ಸರ್ವರ್ ಖಾತೆಗೆ ದಕ್ಕುವುದಿಲ್ಲ. ಪಥದ ಪ್ರತಿ ಹಂತದ ಒಡೆತನ ಮತ್ತು ಅನುಮತಿಗಳನ್ನು ‘ನೇಮ್‌ಐ’ ಸಾಲಾಗಿ ತೋರಿಸುತ್ತದೆ. ಪ್ರೋಗ್ರಾಂ ಓಡಿಯೂ ಚಿತ್ರ ಮೂಡದಿದ್ದರೆ, ಬರೆಯಬೇಕಾದ ಡೈರೆಕ್ಟರಿಯ ರೈಟ್ ಅನುಮತಿಯನ್ನು ಪರೀಕ್ಷಿಸಬೇಕು. ಖಾತೆಯನ್ನು ಹೊಸ ಗುಂಪಿಗೆ ಸೇರಿಸಿದ್ದರೆ ಸೇವೆಯನ್ನು ಮರುಪ್ರಾರಂಭಿಸಬೇಕು. ಓಡುತ್ತಿರುವ ಪ್ರಕ್ರಿಯೆಗೆ ಹೊಸ ಸದಸ್ಯತ್ವ ತಲುಪುವುದಿಲ್ಲ.

ಎರಡನೆಯ ವಲಯವಾದ ಸರ್ವರ್ ಸುತ್ತಲಿನ ನಿರ್ಬಂಧಗಳಲ್ಲಿ ಮೊದಲನೆಯದು ಎಸ್‌ಇಲಿನಕ್ಸ್. ಇದು ಒಡೆತನವನ್ನಲ್ಲ, ಫೈಲ್‌ಗೆ ಅಂಟಿದ ಲೇಬಲ್ ಅನ್ನು ಪರಿಶೀಲಿಸುತ್ತದೆ. ಹೋಮ್ ಡೈರೆಕ್ಟರಿಯಿಂದ ‘ಎಂವಿ’ ಕಮಾಂಡ್ ಬಳಸಿ ಸ್ಥಳಾಂತರಿಸಿದ ಫೈಲ್ ಹಳೆಯ ಲೇಬಲ್ ಅನ್ನೇ ಉಳಿಸಿಕೊಳ್ಳುತ್ತದೆ. ನಿರಾಕರಣೆ ಸಾಮಾನ್ಯವಾಗಿ ಆಡಿಟ್ ಲಾಗ್‌ನಲ್ಲಿ ದಾಖಲಾಗುತ್ತದೆ. ‘ರೆಸ್ಟೋರ್‌ಕಾನ್’ ಕಮಾಂಡ್ ಸರಿಯಾದ ಲೇಬಲ್ ಮರಳಿಸುತ್ತದೆ. ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯ ‘ಪ್ರೊಟೆಕ್ಟ್‌ಹೋಮ್’, ‘ಪ್ರೊಟೆಕ್ಟ್‌ಸಿಸ್ಟಮ್’ ಆಯ್ಕೆಗಳೂ ಸೇವೆಯ ಕಣ್ಣಿಗೆ ಡೈರೆಕ್ಟರಿಗಳನ್ನು ಮರೆಮಾಡಬಹುದು ಅಥವಾ ಓದಲು ಮಾತ್ರ ಬಿಡಬಹುದು.

ಕೆಲವೊಮ್ಮೆ ತಡೆಯುವುದು ಸ್ವತಃ ಪ್ರೋಗ್ರಾಂ. ಚಿತ್ರ ಸಂಸ್ಕರಣೆಯ ಇಮೇಜ್‌ಮ್ಯಾಜಿಕ್ ಪಿಡಿಎಫ್‌ಗಾಗಿ ಬಳಸುವ ಘೋಸ್ಟ್‌ಸ್ಕ್ರಿಪ್ಟ್‌ನ ಭದ್ರತಾ ದೋಷಗಳು ಬೆಳಕಿಗೆ ಬಂದ ಮೇಲೆ, 2018ರಲ್ಲಿ ಉಬುಂಟು ತನ್ನ ಇಮೇಜ್‌ಮ್ಯಾಜಿಕ್ ನೀತಿ ಫೈಲ್‌ನಲ್ಲಿ ಪಿಡಿಎಫ್ ಸಂಸ್ಕರಣೆಯನ್ನು ನಿಲ್ಲಿಸಿತು. ಅಲ್ಲಿ ಫೈಲ್ ಅನುಮತಿ ಎಷ್ಟು ಸಡಿಲಿಸಿದರೂ ಫಲವಿಲ್ಲ.

ಅನುಮತಿಯನ್ನು 777 ಮಾಡುವುದು ರೂಢಿಯಲ್ಲಿರುವ, ಆದರೆ ಅಪಾಯಕರ ಉಪಾಯ. ಅದು ಎಲ್ಲ ಖಾತೆಗಳಿಗೂ ಫೈಲ್ ತಿದ್ದುವ ಹಕ್ಕು ಕೊಡುತ್ತದೆ. ಎಸ್‌ಇಲಿನಕ್ಸ್‌ನ ತಡೆಯನ್ನಂತೂ ತೆರವುಗೊಳಿಸುವುದಿಲ್ಲ. ಸ್ಕ್ರಿಪ್ಟ್‌ಗೆ ಸೆಟ್‌ಯುಐಡಿ (ಫೈಲ್ ಒಡೆಯನ ಹಕ್ಕಿನಲ್ಲಿ ಓಡಿಸುವ ಗುರುತು) ಕೊಡುವುದೂ ವ್ಯರ್ಥ, ಏಕೆಂದರೆ ಲಿನಕ್ಸ್ ಸ್ಕ್ರಿಪ್ಟ್‌ಗಳಲ್ಲಿ ಅದನ್ನು ಕಡೆಗಣಿಸುತ್ತದೆ. ಹೆಚ್ಚಿನ ಹಕ್ಕು ಅನಿವಾರ್ಯವಾದಾಗ ಒಂದು ನಿಶ್ಚಿತ ಕಮಾಂಡ್‌ಗಷ್ಟೇ ‘ಸುಡೊ’ ನಿಯಮ ಬರೆಯಬಹುದು. ಬಳಕೆದಾರರಿಂದ ಬಂದ ಪ್ರತಿ ಮೌಲ್ಯವನ್ನೂ ಪರಿಶೀಲಿಸಿದ ನಂತರವೇ ಅದಕ್ಕೆ ಒಪ್ಪಿಸಬೇಕು. ದೊಡ್ಡ ಕೆಲಸಗಳನ್ನು ಸರದಿಗೆ ಹಾಕಿ, ಪ್ರತ್ಯೇಕ ಖಾತೆಯ ಹಿನ್ನೆಲೆ ಸೇವೆಯಿಂದ ಮಾಡಿಸಿದರೆ ವೆಬ್ ಸರ್ವರ್‌ಗೆ ಆ ಹಕ್ಕುಗಳನ್ನು ಕೊಡುವ ಅಗತ್ಯವೇ ಬೀಳುವುದಿಲ್ಲ.