ಸತ್ತ ದನ ಎಲ್ಲಿದೆ ಅಂತ ರಣಹದ್ದಿಗೆ ಹೇಗೆ ಗೊತ್ತಾಗುತ್ತೆ? ಇಲ್ಲಿದೆ ಮಾಹಿತಿ

ರಾಮನಗರ: ಮೊದಲೆಲ್ಲ ಊರಾಚೆ ದನ ಸತ್ತು ಬಿದ್ದರೆ ಸ್ವಲ್ಪ ಹೊತ್ತಿಗೇ ರಣಹದ್ದುಗಳು ಬಂದಿಳಿಯುತ್ತಿದ್ದವು. ಈಗ ಬರೋದು ಬೀದಿನಾಯಿಗಳು ಮಾತ್ರ. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಇಲ್ಲಿನ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಜೀವಿಧಾಮ ಎಂದು ಘೋಷಿಸಲಾಗಿದೆ.

ವಾಸನೆ ಅಲ್ಲ, ಕಣ್ಣು

ಹೆಣದ ವಾಸನೆ ಹಿಡಿದು ಬರುತ್ತವೆ ಅನ್ನೋದು ಹಲವರ ನಂಬಿಕೆ. ಅಮೆರಿಕದ ಕೆಲವು ಜಾತಿಗಳು ಹಾಗೆ ಮಾಡುತ್ತವೆ. ನಮ್ಮಲ್ಲಿನವು ಕಣ್ಣಿನಿಂದಲೇ ಹುಡುಕುತ್ತವೆ. ಬಿಸಿಲೇರಿ ಬಂಡೆ ಕಾದ ಮೇಲೆ ಬಿಸಿಗಾಳಿ ಮೇಲೇಳುತ್ತದೆ. ಅದರ ಮೇಲೆ ರೆಕ್ಕೆ ಬಡಿಯದೆ ತೇಲುತ್ತಾ ಎತ್ತರಕ್ಕೆ ಹೋಗಿ ನೆಲ ನೋಡುತ್ತವೆ. ಕಾಗೆ, ನಾಯಿ ಸೇರಿರುವ ಜಾಗದ ಮೇಲೂ ಕಣ್ಣಿಡುತ್ತವೆ.

ಒಂದನ್ನು ನೋಡಿ ಇನ್ನೊಂದು

ಒಂದು ಹದ್ದು ಕೆಳಗಿಳಿದರೆ ದೂರದಲ್ಲಿ ಹಾರುವ ಇನ್ನೊಂದಕ್ಕೆ ಸುಳಿವು ಸಿಗುತ್ತದೆ. ಅದನ್ನು ನೋಡಿ ಮತ್ತೊಂದು. ಹೀಗೆ ಹತ್ತಾರು ಸೇರುತ್ತವೆ. ದೊಡ್ಡ ಗುಂಪಾದರೆ ಗಂಟೆಯೊಳಗೆ ಮೂಳೆ ಮಾತ್ರ ಉಳಿಯುತ್ತದೆ. ಸಂಖ್ಯೆ ಕಡಿಮೆಯಾದರೆ ಈ ಸರಪಳಿ ತುಂಡಾಗುತ್ತದೆ, ಉಳಿದವಕ್ಕೂ ಊಟ ಸಿಗೋದು ಕಷ್ಟ.

ಕಡಿಮೆಯಾಗಿದ್ದು ಯಾಕೆ?

ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಮುಖ್ಯ ಕಾರಣ. ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ, ಆ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ನೂರರಲ್ಲಿ ಒಂದು ಹೆಣದಲ್ಲಿ ಈ ಔಷಧಿ ಇದ್ದರೂ ಸಾಕು, ಸಂತತಿ ಕುಸಿಯುತ್ತದೆ. ವರ್ಷಕ್ಕೆ ಇಡೋದು ಒಂದೇ ಮೊಟ್ಟೆ, ಹಾಗಾಗಿ ಚೇತರಿಕೆ ನಿಧಾನ.

ಅಂಗಡಿಯವರು, ರೈತರು ಗಮನಿಸಿ

* ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಕೆ 2006ರಿಂದ ನಿಷೇಧ.
* ದೊಡ್ಡ ಬಾಟಲಿ ದನಕ್ಕೆ ಹೋಗುತ್ತಿದ್ದುದರಿಂದ, ಮನುಷ್ಯರ ಡೈಕ್ಲೋಫೆನಾಕ್ ಇಂಜೆಕ್ಷನ್ ಅನ್ನು 2015ರಲ್ಲಿ 3 ಮಿ.ಲೀ. ಗಾತ್ರಕ್ಕೆ ಸೀಮಿತಗೊಳಿಸಲಾಯಿತು. ಮೆಡಿಕಲ್ ಸ್ಟೋರ್‌ನವರು ದನಕ್ಕೆ ಅಂತ ಕೇಳಿದರೆ ಇದನ್ನು ಕೊಡಬಾರದು.
* ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ 2023ರಿಂದ ಜಾನುವಾರುಗಳಿಗೆ ನಿಷೇಧ.
* ಮೆಲಾಕ್ಸಿಕಾಮ್ ರಣಹದ್ದಿಗೆ ಅಪಾಯವಿಲ್ಲದ ಔಷಧಿ. ದನಕ್ಕೆ ಯಾವುದು, ಎಷ್ಟು ಅನ್ನೋದನ್ನು ಪಶುವೈದ್ಯರನ್ನೇ ಕೇಳಿ.
* ನೋವಿನ ಔಷಧಿ ಕೊಟ್ಟ ದನ ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿ. ಬಯಲಲ್ಲಿ ಬಿಟ್ಟರೆ ಬೀದಿನಾಯಿಗಳೂ ಹೆಚ್ಚುತ್ತವೆ, ಜೊತೆಗೆ ನಾಯಿಕಡಿತ, ರೇಬೀಸ್ ಭಯ ಊರಿನವರಿಗೇ.