ಸ್ವಯಂಸೇವೆಯ ಮೂಲಕ ವೃತ್ತಿ ಕೌಶಲ್ಯ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಯುವಜನರಿಗೆ ಮಾಹಿತಿ

ರಾಷ್ಟ್ರೀಯ ಸೇವಾ ಯೋಜನೆಯು (ಎನ್.ಎಸ್.ಎಸ್.) 1969ರ ಸೆಪ್ಟೆಂಬರ್ 24ರಂದು ಆರಂಭಗೊಂಡಿತು. ಘಟಕವಿರುವ ಕಾಲೇಜುಗಳ ವಿದ್ಯಾರ್ಥಿಗಳು ಕಾರ್ಯಕ್ರಮಾಧಿಕಾರಿಗಳ ಬಳಿ ಹೆಸರು ನೋಂದಾಯಿಸತಕ್ಕದ್ದು. ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಿ, 7 ದಿನಗಳ ವಿಶೇಷ ಶಿಬಿರವನ್ನೂ ಪೂರ್ಣಗೊಳಿಸಿದವರು ಪ್ರಮಾಣಪತ್ರಕ್ಕೆ ಅರ್ಹರು. ಗಂಟೆಗಳು ಪೂರ್ಣಗೊಂಡು ಶಿಬಿರ ತಪ್ಪಿದಲ್ಲಿ ಅರ್ಹತೆ ದೊರೆಯುವುದಿಲ್ಲ. ಆದುದರಿಂದ ಕೆಲಸದ ದಿನಚರಿಯನ್ನು ಆಯಾ ದಿನವೇ ಬರೆದು ಅಧಿಕಾರಿಗಳ ಸಹಿ ಪಡೆಯುವುದು ಸೂಕ್ತ; ಅಂತಿಮ ವರ್ಷದಲ್ಲಿ ನೆನಪಿನಿಂದ ಬರೆದ ಲೆಕ್ಕವನ್ನು ದೃಢೀಕರಿಸುವುದು ಕಷ್ಟ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹಕ್ಕೆ ಇಂಡಿ, ಸಿಂದಗಿ ಭಾಗದ ನದಿತೀರದ ಗ್ರಾಮಗಳು ತುತ್ತಾದವು. ಇಂತಹ ಸಂದರ್ಭಗಳಲ್ಲಿ ಸಂತ್ರಸ್ತ ಕುಟುಂಬಗಳ ಪಟ್ಟಿ ತಯಾರಿಸುವುದು, ಸಾಮಗ್ರಿ ವಿತರಣೆಯ ವಹಿ ಬರೆಯುವುದು, ನೊಂದವರೊಡನೆ ತಾಳ್ಮೆಯಿಂದ ಮಾತನಾಡುವುದು ಇವೆಲ್ಲವೂ ವೃತ್ತಿಗೆ ಬೇಕಾದ ಕೌಶಲ್ಯಗಳೇ. ಶಿಬಿರದಲ್ಲಿ ನೂರು ಜನರ ಊಟಕ್ಕೆ ಜೋಳ, ಬೇಳೆಯ ಲೆಕ್ಕವಿಟ್ಟವರಿಗೆ ಗೋದಾಮಿನ ಅಥವಾ ಸಹಕಾರ ಸಂಘದ ದಾಸ್ತಾನು ಪುಸ್ತಕ ಅಪರಿಚಿತವೆನಿಸದು.

ಪ್ರಮಾಣಪತ್ರವು ಉದ್ಯೋಗದ ಭರವಸೆಯಲ್ಲ. ಉದ್ಯೋಗದ ಅರ್ಜಿಯಲ್ಲಿ "ಸಮಾಜಸೇವೆ ಮಾಡಿರುತ್ತೇನೆ" ಎಂದಷ್ಟೇ ನಮೂದಿಸಿದರೆ ಸಂದರ್ಶಕರಿಗೆ ಏನೂ ತಿಳಿಯದು. ಗ್ರಾಮ, ಅವಧಿ ಮತ್ತು ನಿರ್ವಹಿಸಿದ ಕೆಲಸವನ್ನು ನಮೂದಿಸಿ, ದಿನಚರಿಯ ಪ್ರತಿಯನ್ನು ಜೊತೆಗೆ ಒಯ್ಯಬೇಕು.

ಕಾಲೇಜು ಬಿಟ್ಟವರು ನಿರಾಶರಾಗಬೇಕಿಲ್ಲ. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರವು ಆರಂಭಿಸಿದ 'ಮೇರಾ ಯುವ ಭಾರತ್' ಜಾಲತಾಣದಲ್ಲಿ 15ರಿಂದ 29 ವರ್ಷದ ಯುವಜನರು ನೋಂದಾಯಿಸಿಕೊಂಡು, ಸ್ವಯಂಸೇವೆಯ ಅವಕಾಶಗಳನ್ನು ಹುಡುಕಬಹುದು.